ಅನಿ: ಅರ್ಮೇನಿಯನ್ನರ ಹಳೆಯ ರಾಜಧಾನಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟರ್ಕಿಯ ಪೂರ್ವದ ತುದಿಯಲ್ಲಿ, ಅರ್ಮೇನಿಯಾ ಗಡಿಗೆ ಅಂಟಿಕೊಂಡೇ ಇರುವ ಹುಲ್ಲು ಬಯಲಿನಲ್ಲಿ ಒಂದು ದೊಡ್ಡ ಊರಿದೆ. ಕೋಟೆ ಇದೆ, ಚರ್ಚುಗಳಿವೆ, ಮಸೀದಿ ಇದೆ. ಜನ ಮಾತ್ರ ಇಲ್ಲ. ಅದೇ ಅನಿ. ಅದರ ಫೋಟೋ ನೋಡಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಇದನ್ನ ಹಾಳು ಮಾಡಿದ್ದು ಯಾರು?" ಆ ಪ್ರಶ್ನೆಗೆ "ಸೆಲ್ಜುಕ್ ತುರ್ಕರು" ಅಂತ ಒಂದೇ ಹೆಸರು ಹೇಳಿ ಮುಗಿಸುವವರು ಬಹಳ ಜನ. ನಾನು ಹಾಗೆ ಮುಗಿಸುವುದಿಲ್ಲ. ಯಾಕೆ ಅನ್ನುವುದು ಓದುತ್ತಾ ಹೋದ ಹಾಗೆ ಗೊತ್ತಾಗುತ್ತದೆ.

ಅನಿ ಸರಿಯಾಗಿ ಎಲ್ಲಿದೆ?

ಟರ್ಕಿಯ ಕಾರ್ಸ್ ಪ್ರಾಂತ್ಯದಲ್ಲಿ. ಕಾರ್ಸ್ ಪಟ್ಟಣದಿಂದ ಸುಮಾರು 45 ಕಿಲೋಮೀಟರ್. ಪಕ್ಕದಲ್ಲಿ ಒಜಾಕ್ಲಿ ಅನ್ನುವ ಪುಟ್ಟ ಹಳ್ಳಿ ಇದೆ.

ಊರು ನಿಂತಿರುವುದು ಮೂರು ಮೂಲೆಯ ಒಂದು ದಿಬ್ಬದ ಮೇಲೆ. ಪೂರ್ವಕ್ಕೆ ಅಖೂರ್ಯಾನ್ ನದಿಯ ಆಳವಾದ ಕಮರಿ. ಪಶ್ಚಿಮಕ್ಕೆ ಇನ್ನೊಂದು ಕಣಿವೆ. ಎರಡೂ ದಕ್ಷಿಣದಲ್ಲಿ ಹೋಗಿ ಸೇರುತ್ತವೆ. ಅಂದರೆ ಎರಡು ಕಡೆ ಪ್ರಕೃತಿಯೇ ಗೋಡೆ ಕಟ್ಟಿಕೊಟ್ಟಿದೆ. ಬಯಲಿಗೆ ತೆರೆದುಕೊಂಡಿರುವುದು ಉತ್ತರ ಮಾತ್ರ. ಅಲ್ಲಿ ಮನುಷ್ಯರು ಕಟ್ಟಿದರು. ಅದಕ್ಕೇ ಇವತ್ತಿಗೂ ಅನಿಯ ದೊಡ್ಡ ಕೋಟೆಗೋಡೆ ಕಾಣುವುದು ಉತ್ತರದಲ್ಲಿ.

ಅದೇ ಅಖೂರ್ಯಾನ್ ನದಿ ಈಗ ಟರ್ಕಿ ಮತ್ತು ಅರ್ಮೇನಿಯಾ ನಡುವಿನ ಗಡಿ. ಟರ್ಕಿಯವರು ಅದನ್ನು ಅರ್ಪಾಚಾಯ್ ಅನ್ನುತ್ತಾರೆ.

ಅನಿ ನಿಜಕ್ಕೂ "ಪ್ರಾಚೀನ" ನಗರವಾ?

ಪೂರ್ತಿ ಹಾಗಲ್ಲ. ರಾಜಧಾನಿಯಾಗಿ ಅದು ಮಧ್ಯಯುಗದ್ದು. 961ರಿಂದ 1045ರವರೆಗೆ, ಅಂದರೆ ಬರೀ 84 ವರ್ಷ. ಆದರೆ ಜಾಗ ಅದಕ್ಕಿಂತ ಬಹಳ ಹಳೆಯದು. 5ನೇ ಶತಮಾನದ ಅರ್ಮೇನಿಯನ್ ಬರಹಗಾರರು ಅನಿಯನ್ನು ಒಂದು ಕೋಟೆ ಅಂತ ಹೆಸರಿಸುತ್ತಾರೆ. ಆಗ ಅದು ಕಮ್ಸಾರಕಾನ್ ಅನ್ನುವ ಪಾಳೆಯಗಾರ ಮನೆತನದ ಕೈಯಲ್ಲಿತ್ತು. ಅಗೆತದಲ್ಲಿ ಕ್ರೈಸ್ತ ಧರ್ಮ ಬರುವ ಮುಂಚಿನ ಅಗ್ನಿ ದೇಗುಲವೂ ಸಿಕ್ಕಿದೆ. ನಾಲ್ಕು ದಪ್ಪ ಗುಂಡು ಕಂಬಗಳ ಬುಡ ಈಗಲೂ ಇದೆ.

ಹೆಚ್ಚು ಹಳೆಯ ರಾಜಧಾನಿ ಬೇಕು ಅಂದರೆ ಅರ್ತಾಶಾತ್ ಕಡೆ ನೋಡಬೇಕು. ಕ್ರಿ.ಪೂ. 2ನೇ ಶತಮಾನದಲ್ಲಿ ಒಂದನೇ ಅರ್ತಾಶೆಸ್ ರಾಜ ಕಟ್ಟಿಸಿದ ಊರು ಅದು. ರೋಮ್‌ಗೆ ಸೋತು ಓಡಿಬಂದಿದ್ದ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಆ ಜಾಗ ತೋರಿಸಿಕೊಟ್ಟ ಅಂತ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಕತೆ ನಿಜವೋ ಅಲ್ಲವೋ, ಕೇಳೋಕೆ ಚೆನ್ನಾಗಿದೆ. ಆದರೆ ಅರ್ತಾಶಾತ್‌ನಲ್ಲಿ ಇವತ್ತು ನೋಡೋಕೆ ಉಳಿದಿರುವುದು ಕಡಿಮೆ. ಅನಿಯಲ್ಲಿ ಚರ್ಚಿನ ಒಳಗೆ ಹೋಗಿ ನಿಂತು ತಲೆಯೆತ್ತಿ ನೋಡಬಹುದು. ಅದಕ್ಕೇ ಜನ ಅನಿಯನ್ನೇ ಕೇಳುತ್ತಾರೆ.

ಅರ್ಮೇನಿಯಾಕ್ಕೆ ಎಷ್ಟು ರಾಜಧಾನಿಗಳಿದ್ದವು?

ಹನ್ನೆರಡು ಅಂತ ಕೆಲವರು, ಹದಿಮೂರು ಅಂತ ಕೆಲವರು. ಎಣಿಕೆ ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಅರ್ಮಾವಿರ್, ಅರ್ತಾಶಾತ್, ತಿಗ್ರಾನಕೆರ್ತ್, ವಘರ್ಶಪಾತ್, ದ್ವಿನ್ ಎಲ್ಲವೂ ಆ ಪಟ್ಟಿಯಲ್ಲಿವೆ. ಕೊನೆಯದು ಈಗಿನ ಯೆರೆವಾನ್. ಪಟ್ಟಿ ಇಷ್ಟು ಉದ್ದ ಇರುವುದಕ್ಕೆ ಕಾರಣ ಸರಳ. ಒಂದು ಕಡೆ ರೋಮ್ ಇಲ್ಲವೇ ಬೈಜಾಂಟಿಯಂ (ಕಾನ್‌ಸ್ಟಾಂಟಿನೋಪಲ್, ಅಂದರೆ ಈಗಿನ ಇಸ್ತಾಂಬುಲ್‌ನಿಂದ ಆಳುತ್ತಿದ್ದ ಪೂರ್ವ ರೋಮನ್ ಸಾಮ್ರಾಜ್ಯ), ಇನ್ನೊಂದು ಕಡೆ ಇರಾನ್ ಇಲ್ಲವೇ ಅರಬ್ಬರು. ಎರಡು ಆನೆಗಳ ನಡುವೆ ಸಿಕ್ಕಿದವನು ಗುಡಿಸಲು ಬದಲಾಯಿಸುತ್ತಲೇ ಇರಬೇಕು, ಅಲ್ವಾ?

ರಾಜಧಾನಿ ಅನಿಗೆ ಬಂದದ್ದು ಹೇಗೆ?

ಬಗ್ರಾತುನಿ ಮನೆತನದಿಂದ. ಈ ಮನೆತನ ಕಮ್ಸಾರಕಾನರಿಂದ ಅನಿಯ ಸುತ್ತಲಿನ ಸೀಮೆಯನ್ನು ದುಡ್ಡು ಕೊಟ್ಟು ಕೊಂಡಿತು. ಯುದ್ಧವಿಲ್ಲ, ಕ್ರಯ. 9ನೇ ಶತಮಾನದ ಕೊನೆಗೆ ಅರಬ್ ಖಲೀಫರ ಹಿಡಿತ ಸಡಿಲವಾಯಿತು. ಆಗ ಬಗ್ರಾತುನಿಗಳ ಒಂದನೇ ಅಶೋತ್‌ನನ್ನು ರಾಜ ಅಂತ ಖಲೀಫನೂ ಬೈಜಾಂಟಿಯಂ ಚಕ್ರವರ್ತಿಯೂ ಒಪ್ಪಿಕೊಂಡರು.

ರಾಜ್ಯ ಸಿಕ್ಕಿತು, ನೆಲೆ ಸಿಗಲಿಲ್ಲ. ಮೊದಲು ಬಗರಾನ್, ಆಮೇಲೆ ಶಿರಾಕವಾನ್, ಆಮೇಲೆ ಕಾರ್ಸ್. ಕೊನೆಗೆ 961ರಲ್ಲಿ ಮೂರನೇ ಅಶೋತ್ ಅನಿಗೆ ಬಂದ. ಈತನಿಗೆ "ಕರುಣಾಳು" ಅಂತ ಅಡ್ಡಹೆಸರು. ಬಡವರಿಗೆ, ಕುಷ್ಠರೋಗಿಗಳಿಗೆ ಆಸರೆ ಕಟ್ಟಿಸಿದವನು ಅಂತ ಹಳೆಯ ಬರಹಗಳು ಹೊಗಳುತ್ತವೆ. ಅವನು ದಿಬ್ಬದ ಕಿರಿದಾದ ಕತ್ತಿನಲ್ಲಿ ಒಂದು ಗೋಡೆ ಕಟ್ಟಿಸಿದ. ಊರು ಬೇಗನೇ ಅದನ್ನು ದಾಟಿ ಬೆಳೆಯಿತು. ಅವನ ಮಗ ಎರಡನೇ ಸ್ಮ್‌ಬಾತ್ ಇನ್ನೂ ಉತ್ತರಕ್ಕೆ ಹೋಗಿ ಎರಡು ಸಾಲಿನ ದೊಡ್ಡ ಕೋಟೆ ಕಟ್ಟಿಸಿದ. ಇವತ್ತು ನಾವು ಫೋಟೋದಲ್ಲಿ ನೋಡುವುದು ಬಹುಪಾಲು ಆ ಸಾಲನ್ನೇ. ಆಮೇಲೆ ಬಂದವರು ಅದನ್ನು ರಿಪೇರಿ ಮಾಡುತ್ತಾ, ದಪ್ಪ ಮಾಡುತ್ತಾ ಹೋದರು.

ಇಷ್ಟು ದೊಡ್ಡ ಊರಾಗಲು ದುಡ್ಡು ಎಲ್ಲಿಂದ ಬಂತು?

ವ್ಯಾಪಾರದಿಂದ. ಇದು ಬಹಳ ಮುಖ್ಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅದಕ್ಕೂ ಮೊದಲು ಈ ಸೀಮೆಯ ದೊಡ್ಡ ಪೇಟೆ ದ್ವಿನ್. 893ರ ಭೂಕಂಪ ದ್ವಿನ್‌ನ ಬೆನ್ನು ಮುರಿಯಿತು. ಅದಲ್ಲದೆ ಅದು ಬೇರೆ ಬೇರೆ ಅಮೀರರ ಕೈಗೆ ಹೋಗುತ್ತಾ ಬರುತ್ತಾ ಇತ್ತು. ಇರಾನ್ ಕಡೆಯಿಂದ ಕಪ್ಪು ಸಮುದ್ರದ ತ್ರೆಬಿಜೊಂಡ್ ಬಂದರಿಗೆ ಸರಕು ಸಾಗಿಸುವವರಿಗೆ ಇನ್ನೊಂದು ದಾರಿ, ನಂಬಿಕಸ್ಥ ತಂಗುದಾಣ ಬೇಕಿತ್ತು. ಅನಿ ಆ ದಾರಿಯಲ್ಲೇ ಕೂತಿತ್ತು. ಅಖೂರ್ಯಾನ್ ಮೇಲೆ ಒಂದೇ ಕಮಾನಿನ ಕಲ್ಲಿನ ಸೇತುವೆ ಇತ್ತು. ಕಮಾನಿನ ಅಗಲ ಸುಮಾರು 30 ಮೀಟರ್. ಸರಕು ಹೊತ್ತ ಪ್ರಾಣಿಗಳು ಸೇತುವೆ ದಾಟಿ ಊರೊಳಗೆ ಬರಬೇಕು, ಸುಂಕ ಕಟ್ಟಬೇಕು, ರಾತ್ರಿ ತಂಗಬೇಕು. ಊರಲ್ಲಿ ಸಾಲು ಅಂಗಡಿಗಳು, ಎಣ್ಣೆ ಗಾಣಗಳು, ಸ್ನಾನದ ಮನೆಗಳು ಇದ್ದವು.

ಹೊಲದ ಬೆಳೆ ನಂಬಿ ಬೆಳೆದ ಊರಲ್ಲ ಇದು, ದಾರಿ ನಂಬಿ ಬೆಳೆದ ಊರು. ಇದನ್ನು ನೆನಪಿಟ್ಟುಕೊಳ್ಳಿ. ಊರು ಯಾಕೆ ಸತ್ತಿತು ಅನ್ನುವ ಪ್ರಶ್ನೆಗೆ ಇದೇ ಬೇಕಾಗುತ್ತದೆ.

"1001 ಚರ್ಚುಗಳ ಊರು" ಅನ್ನುತ್ತಾರಲ್ಲ, ಅಷ್ಟು ಇದ್ದವಾ?

ಇಲ್ಲ. ನಾವು "ನೂರೆಂಟು ತಾಪತ್ರಯ" ಅಂದಾಗ ಕೂತು ಎಣಿಸುತ್ತೇವಾ? ಅದೂ ಹಾಗೇ. ಲೆಕ್ಕವಿಲ್ಲದಷ್ಟು ಅಂತ ಅರ್ಥ. ಅಗೆತದಲ್ಲಿ ಗುರುತು ಸಿಕ್ಕಿರುವುದು ಚರ್ಚು, ಪುಟ್ಟ ಪ್ರಾರ್ಥನಾ ಮಂದಿರ, ಗೋರಿಮನೆ ಎಲ್ಲಾ ಸೇರಿ ನಲವತ್ತರ ಆಸುಪಾಸು. ಒಂದು ಊರಿಗೆ ಅದೇನು ಕಡಿಮೆಯಲ್ಲ. "40 ಬಾಗಿಲುಗಳ ಊರು" ಅನ್ನುವ ಇನ್ನೊಂದು ಹೆಸರೂ ಇದೆ. ಅದನ್ನೂ ಎಣಿಸಲು ಹೋಗಬೇಡಿ.

ಜನಸಂಖ್ಯೆ ಒಂದು ಲಕ್ಷ ಇತ್ತು ಅಂತ ಎಲ್ಲಾ ಕಡೆ ಓದುತ್ತೀರಿ. ಕೋಟೆಯ ಒಳಗಿನ ಜಾಗ ನೋಡಿದರೆ ನನಗೆ ಅದು ಜಾಸ್ತಿ ಅನ್ನಿಸುತ್ತದೆ. ಆದರೆ ಕೋಟೆಯ ಹೊರಗೂ ಜನ ಇದ್ದರು. ಕಣಿವೆಯ ಬಂಡೆ ಕೊರೆದು ಮಾಡಿದ ನೂರಾರು ಗವಿಗಳಿವೆ. ಮನೆ, ಉಗ್ರಾಣ, ಚರ್ಚು, ಪಾರಿವಾಳದ ಗೂಡುಗಳೂ ಸಹ. ನೆಲದ ಮೇಲಿನ ಅನಿ ನೋಡಿ ವಾಪಸ್ ಬರುವವರಿಗೆ ಈ ಕೆಳಗಿನ ಅನಿ ಕಾಣುವುದೇ ಇಲ್ಲ.

ದೊಡ್ಡ ಚರ್ಚು ಕಟ್ಟಿದವರು ಯಾರು?

ತ್ರದಾತ್ ಅನ್ನುವ ವಾಸ್ತುಶಿಲ್ಪಿ. 989ರಲ್ಲಿ ಎರಡನೇ ಸ್ಮ್‌ಬಾತ್ ಕೆಲಸ ಶುರು ಮಾಡಿಸಿದ, ಅದೇ ವರ್ಷ ತೀರಿಕೊಂಡ. ಮುಂದೆ ಅವನ ತಮ್ಮ ಒಂದನೇ ಗಾಗಿಕ್‌ನ ಹೆಂಡತಿ ರಾಣಿ ಕತ್ರಾನಿದೇ ಅದನ್ನು ಪೂರ್ತಿ ಮಾಡಿಸಿದಳು. ಮುಗಿದದ್ದು 1001ರಲ್ಲಿ.

ತ್ರದಾತ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 989ರ ಭೂಕಂಪದಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಹಾಗಿಯಾ ಸೋಫಿಯಾ ಗುಮ್ಮಟದ ಒಂದು ಭಾಗ ಬಿತ್ತು. ಅಷ್ಟು ದೊಡ್ಡ ಸಾಮ್ರಾಜ್ಯದ ಅತಿ ದೊಡ್ಡ ಚರ್ಚು. ಅದನ್ನು ಸರಿ ಮಾಡಲು ಕರೆಸಿದ್ದು ಇದೇ ತ್ರದಾತ್‌ನನ್ನು. ಅವನು ನಕ್ಷೆ ಕೊಟ್ಟು, ಮಾದರಿ ಮಾಡಿ ತೋರಿಸಿದ ಅಂತ ಅದೇ ಕಾಲದ ಅರ್ಮೇನಿಯನ್ ಚರಿತ್ರೆಕಾರ ಸ್ತೆಪಾನೊಸ್ ತರೊನೆತ್ಸಿ ಬರೆದಿಟ್ಟಿದ್ದಾನೆ. ಇಸ್ತಾಂಬುಲ್‌ಗೆ ಹೋಗಿ ಆ ಗುಮ್ಮಟ ನೋಡಿದವರು ಅನಿಯ ಮೇಸ್ತ್ರಿಯ ಕೈಕೆಲಸವನ್ನೂ ನೋಡಿದ್ದಾರೆ, ಗೊತ್ತಿಲ್ಲದೆ.

ಅನಿಯ ಚರ್ಚಿನ ಒಳಗೆ ಕಂಬಗಳು ಒಂದೇ ದಪ್ಪ ಕಂಬದಂತಿಲ್ಲ. ತೆಳು ಕಂಬಗಳನ್ನು ಕಟ್ಟು ಕಟ್ಟಿದ ಹಾಗೆ ಮೇಲೇರುತ್ತವೆ. ಮೇಲೆ ಚೂಪು ಕಮಾನುಗಳು. ಯುರೋಪಿನ ಗಾಥಿಕ್ ಚರ್ಚುಗಳಲ್ಲಿ ಇಂಥದ್ದು ಕಾಣಿಸುವುದು ಅದಾಗಿ ನೂರು ವರ್ಷಕ್ಕೂ ಹೆಚ್ಚು ಕಾಲದ ಮೇಲೆ. ಇಲ್ಲಿಂದಲೇ ಅಲ್ಲಿಗೆ ಹೋಯಿತು ಅಂತ ವಾದಿಸಿದ ವಿದ್ವಾಂಸರಿದ್ದಾರೆ. ನನಗೆ ಆ ವಾದದ ಅಗತ್ಯ ಕಾಣುವುದಿಲ್ಲ. ತ್ರದಾತ್ ಯಾರಿಗೆ ದಾರಿ ತೋರಿಸಿದ ಅನ್ನುವುದಕ್ಕಿಂತ ಅವನು ಏನು ಕಟ್ಟಿದ ಅನ್ನುವುದೇ ಸಾಕು.

ಆ ಗೋಡೆಗಳು ಇಷ್ಟು ವರ್ಷ ನಿಂತದ್ದು ಹೇಗೆ?

ಕಲ್ಲು ಮತ್ತು ಗಾರೆಯಿಂದ. ಸುತ್ತಮುತ್ತ ಸಿಗುವುದು ಜ್ವಾಲಾಮುಖಿಯ ಟಫ್ ಕಲ್ಲು. ಹಗುರ, ಕೆತ್ತಲು ಸುಲಭ, ಕೆಂಪು, ಕಪ್ಪು, ಕಂದು ಬಣ್ಣಗಳಲ್ಲಿ ಸಿಗುತ್ತದೆ. ಗೋಡೆ ಇಡೀ ಕಲ್ಲಿನದ್ದು ಅನ್ನಿಸುತ್ತದೆ. ಅಲ್ಲ. ಹೊರಗೆ ಒಂದು ಪದರ, ಒಳಗೆ ಒಂದು ಪದರ ನುಣುಪಾದ ಕಲ್ಲು ಇಟ್ಟು, ನಡುವೆ ಕಲ್ಲುಚೂರು ಮತ್ತು ಸುಣ್ಣದ ಗಾರೆ ತುಂಬುತ್ತಿದ್ದರು. ಅದು ಗಟ್ಟಿಯಾಗಿ ಒಂದೇ ಬಂಡೆಯಂತಾಗುತ್ತಿತ್ತು. ಅನಿಯಲ್ಲಿ ಎಷ್ಟೋ ಕಡೆ ಹೊರಗಿನ ಕಲ್ಲನ್ನು ಜನ ಕಿತ್ತುಕೊಂಡು ಹೋಗಿದ್ದಾರೆ. ಆದರೂ ಒಳಗಿನ ಗಾರೆ ಗೋಡೆ ಹಾಗೇ ನಿಂತಿದೆ, ಸಿಪ್ಪೆ ಸುಲಿದ ಹಣ್ಣಿನ ಥರ.

ಬಗ್ರಾತುನಿಗಳು ಅನಿಯನ್ನು ಕಳೆದುಕೊಂಡದ್ದು ಹೇಗೆ?

ಅಣ್ಣ ತಮ್ಮಂದಿರ ಜಗಳದಿಂದ. ಇನ್ನೇನು ಇರುತ್ತದೆ ಹೇಳಿ.

ಒಂದನೇ ಗಾಗಿಕ್ ಕಾಲ ಅನಿಯ ಒಳ್ಳೆಯ ಕಾಲ. ಅವನಾದ ಮೇಲೆ ದೊಡ್ಡ ಮಗ ಹೊವ್ಹಾನೆಸ್-ಸ್ಮ್‌ಬಾತ್ ಪಟ್ಟಕ್ಕೆ ಬಂದ. ಚಿಕ್ಕವನು ಅಶೋತ್ ಒಪ್ಪಲಿಲ್ಲ. ಕೊನೆಗೆ ರಾಜಿಯಾಗಿ ಅಣ್ಣನಿಗೆ ಅನಿ, ತಮ್ಮನಿಗೆ ಹೊರಗಿನ ಸೀಮೆ. ಇಷ್ಟರಲ್ಲಿ ಹೊವ್ಹಾನೆಸ್ ಇನ್ನೊಂದು ತಪ್ಪು ಲೆಕ್ಕ ಹಾಕಿದ. ಬೈಜಾಂಟಿಯಂ ಚಕ್ರವರ್ತಿ ಎರಡನೇ ಬೇಸಿಲ್‌ಗೆ ವಿರುದ್ಧವಾದ ಪಕ್ಷ ಹಿಡಿದ. ಆ ಪಕ್ಷ ಸೋತಿತು. ಹೆದರಿ, ತಾನು ಸತ್ತ ಮೇಲೆ ಅನಿ ಚಕ್ರವರ್ತಿಗೆ ಸೇರಲಿ ಅಂತ ಉಯಿಲು ಬರೆದುಕೊಟ್ಟ.

ಆ ಉಯಿಲಿನ ಬಗ್ಗೆ ಚರಿತ್ರೆಕಾರ ಅರಿಸ್ತಾಕೆಸ್ ಲಾಸ್ತಿವೆರ್ತ್ಸಿ ಒಂದು ಕತೆ ಹೇಳುತ್ತಾನೆ. ಬೇಸಿಲ್ ಆದ ಮೇಲೆ ಬಂದ ಚಕ್ರವರ್ತಿ ಸಾಯುವ ಹೊತ್ತಿಗೆ ಮನಸ್ಸು ಕರಗಿ, ಆ ಪತ್ರವನ್ನು ಅರ್ಮೇನಿಯಾದ ರಾಜನಿಗೆ ವಾಪಸ್ ಮುಟ್ಟಿಸು ಅಂತ ಒಬ್ಬ ಪಾದ್ರಿಯ ಕೈಗೆ ಕೊಟ್ಟನಂತೆ. ಪಾದ್ರಿ ಮುಟ್ಟಿಸಲಿಲ್ಲ. ಇಟ್ಟುಕೊಂಡು, ಮುಂದೆ ಚಕ್ರವರ್ತಿಯಾದ ನಾಲ್ಕನೇ ಮೈಕೇಲ್‌ಗೆ ದೊಡ್ಡ ದುಡ್ಡಿಗೆ ಮಾರಿದ.

1041ರಲ್ಲಿ ಹೊವ್ಹಾನೆಸ್ ಸತ್ತ. ಕಾನ್‌ಸ್ಟಾಂಟಿನೋಪಲ್ ಆ ಪತ್ರ ಹಿಡಿದು ಊರು ಕೇಳಿತು. ಅನಿಯವರು ಕೊಡಲಿಲ್ಲ. ತಮ್ಮನ ಮಗ, ಇನ್ನೂ ಹುಡುಗ, ಎರಡನೇ ಗಾಗಿಕ್‌ಗೆ ಪಟ್ಟ ಕಟ್ಟಿದರು. ಬಂದ ಸೈನ್ಯವನ್ನೂ ಓಡಿಸಿದರು. ಆಮೇಲೆ ಮಾತುಕತೆಗೆ ಅಂತ ಗಾಗಿಕ್‌ನನ್ನು ಕಾನ್‌ಸ್ಟಾಂಟಿನೋಪಲ್‌ಗೆ ಕರೆಸಿಕೊಂಡರು. ಅವನು ವಾಪಸ್ ಬರಲೇ ಇಲ್ಲ. ಅವನ ಹಿಂದೆಯೇ ಊರಿನ ಬೀಗದ ಕೈಗಳೂ ಚಕ್ರವರ್ತಿಗೆ ತಲುಪಿದವು. 1045ರಲ್ಲಿ ಅನಿ ಬೈಜಾಂಟಿಯಂ ಪಾಲಾಯಿತು. ಗಾಗಿಕ್‌ಗೆ ಬದಲಿಗೆ ಬೇರೆ ಕಡೆ ಜಮೀನು ಕೊಟ್ಟರು. ಮುಂದೆ ಅವನು ಕೊಲೆಯಾದ.

ಅನಿ ರಾಜಧಾನಿಯಾಗಿ ಮುಗಿದದ್ದು ಇಲ್ಲಿ. ಒಂದು ಕಾಗದ, ಕೆಲವು ಬೀಗದ ಕೈಗಳಿಂದ. ಇನ್ನೂ ಸೆಲ್ಜುಕರ ಹೆಸರೇ ಬಂದಿಲ್ಲ, ಗಮನಿಸಿ.

1064ರಲ್ಲಿ ಏನಾಯಿತು?

ಸೆಲ್ಜುಕ್ ಸುಲ್ತಾನ ಆಲ್ಪ್ ಅರ್ಸ್ಲಾನ್ ಬಂದು ಮುತ್ತಿಗೆ ಹಾಕಿದ. 25 ದಿನ ನಡೆಯಿತು. ಆಗಸ್ಟ್ 16ರಂದು ಊರು ಬಿತ್ತು. ದೊಡ್ಡ ಕೊಲೆ ನಡೆಯಿತು. ಅರಬ್ ಚರಿತ್ರೆಕಾರ ಸಿಬ್ತ್ ಇಬ್ನ್ ಅಲ್-ಜೌಜಿ ಕಣ್ಣಾರೆ ಕಂಡವನ ಮಾತು ಉಳಿಸಿದ್ದಾನೆ. ಹೆಣ ದಾಟದೆ ಹೋಗಬಹುದಾದ ಒಂದು ಬೀದಿಯೂ ಆ ಮನುಷ್ಯನಿಗೆ ಸಿಗಲಿಲ್ಲವಂತೆ. ಇದನ್ನು ಕಡಿಮೆ ಮಾಡಿ ಹೇಳುವುದು ಸರಿಯಲ್ಲ.

ಆದರೆ ಮುತ್ತಿಗೆ ಹೊತ್ತಿಗೆ ಊರನ್ನು ಕಾಯುವವರು ಯಾರಿದ್ದರು ಅಂತಲೂ ಕೇಳಬೇಕು. ಬೈಜಾಂಟಿಯಂ ಬಂದ ಮೇಲೆ ಊರಿನ ತನ್ನದೇ ಸೈನ್ಯ ಹೋಗಿತ್ತು, ತೆರಿಗೆ ಏರಿತ್ತು. ಚಕ್ರವರ್ತಿ ನೇಮಿಸಿದ ಅಧಿಕಾರಿಗಳು ಒಳಕೋಟೆಗೆ ಸರಿದು, ಅಲ್ಲಿಂದ ಜಾಗ ಖಾಲಿ ಮಾಡಿದರು.

ಹಾಗಾದರೆ 1064ಕ್ಕೆ ಅನಿ ಮುಗಿಯಿತು, ಅಲ್ವಾ?

ಇಲ್ಲ! ಎಲ್ಲರೂ ತಪ್ಪುವುದು ಇಲ್ಲೇ.

1072ರ ಹೊತ್ತಿಗೆ ಅನಿ ಶದ್ದಾದಿ ಅನ್ನುವ ಕುರ್ದ್ ಮನೆತನದ ಕೈಗೆ ಬಂತು. ಮನುಚಿಹ್ರ್ ಎಂಬ ಅಮೀರ ಕೋಟೆ ರಿಪೇರಿ ಮಾಡಿಸಿದ, ಓಡಿಹೋದವರನ್ನು ವಾಪಸ್ ಕರೆಸಿದ. ಕಮರಿಯ ಅಂಚಿನಲ್ಲಿ ಅವನ ಹೆಸರಿನ ಮಸೀದಿ ಇದೆ. ಎಂಟು ಮೂಲೆಯ ಮಿನಾರು. ಒಳಗೆ ಚಾವಣಿಯಲ್ಲಿ ಬೇರೆ ಬೇರೆ ಬಣ್ಣದ ಕಲ್ಲಿನ ಚಿತ್ತಾರ. ಕಿಟಕಿಯಿಂದ ಬಗ್ಗಿದರೆ ಕೆಳಗೆ ನದಿ. ಅನಿಯಲ್ಲಿ ನೋಡಲೇಬೇಕಾದ ಕಟ್ಟಡಗಳಲ್ಲಿ ಇದೂ ಒಂದು. ಚರ್ಚು ನೋಡಲು ಬಂದವರು ಇದನ್ನು ಬಿಟ್ಟು ಹೋಗಬೇಡಿ.

1124ರಲ್ಲಿ ಜಾರ್ಜಿಯಾದ ರಾಜ ನಾಲ್ಕನೇ ದಾವೀದ್ ಊರು ಹಿಡಿದ. ಅಷ್ಟರಲ್ಲಿ ಮಸೀದಿಯಾಗಿದ್ದ ದೊಡ್ಡ ಚರ್ಚು ಮತ್ತೆ ಚರ್ಚಾಯಿತು. ಮುಂದಿನ ಎಪ್ಪತ್ತೈದು ವರ್ಷ ಶದ್ದಾದಿಗಳು ಮತ್ತು ಜಾರ್ಜಿಯನ್ನರು ಊರನ್ನು ಹಗ್ಗಜಗ್ಗಾಟ ಆಡಿದರು. 1199ರಲ್ಲಿ ರಾಣಿ ತಮಾರ್‌ಳ ಸೈನ್ಯ ಗೆದ್ದ ಮೇಲೆ ಅವಳ ಸೇನಾಪತಿಗಳಾದ ಜಕಾರೆ ಮತ್ತು ಇವಾನೆ ಎಂಬ ಅಣ್ಣತಮ್ಮಂದಿರಿಗೆ ಅನಿ ಸಿಕ್ಕಿತು. ಇವರ ಮನೆತನವೇ ಜಕಾರ್ಯಾನ್. ಅಲ್ಲಿಂದ ಅನಿಗೆ ಎರಡನೇ ಒಳ್ಳೆಯ ಕಾಲ.

ಸಾಕ್ಷಿ ಬೇಕಾ? 1215ರಲ್ಲಿ ತಿಗ್ರಾನ್ ಹೊನೆಂತ್ಸ್ ಅನ್ನುವ ವ್ಯಾಪಾರಿ ಒಂದು ಚರ್ಚು ಕಟ್ಟಿಸಿದ. ರಾಜನಲ್ಲ, ಪಾಳೆಯಗಾರನಲ್ಲ. ವ್ಯಾಪಾರಿ. ಗೋಡೆಯ ಮೇಲೆ ಉದ್ದನೆಯ ಶಾಸನ ಕೆತ್ತಿಸಿದ್ದಾನೆ. ಪೊದೆ ತುಂಬಿದ ಕಮರಿಯ ಅಂಚಿನ ಜಾಗವನ್ನು ಅದರ ಒಡೆಯರಿಂದ ನ್ಯಾಯವಾಗಿ ದುಡ್ಡು ಕೊಟ್ಟು ಕೊಂಡೆ ಅಂತ ಹೇಳಿಕೊಳ್ಳುತ್ತಾನೆ. ದಾನ ಕೊಟ್ಟ ಆಸ್ತಿಗಳ ಪಟ್ಟಿಯೂ ಇದೆ. ಓದಿದರೆ ಪಕ್ಕಾ ವ್ಯಾಪಾರಿಯ ಲೆಕ್ಕಪುಸ್ತಕ. ಒಳಗೆ ಗೋಡೆ ತುಂಬಾ ಬಣ್ಣದ ಚಿತ್ರಗಳು. ಅರ್ಮೇನಿಯಾಕ್ಕೆ ಕ್ರೈಸ್ತ ಧರ್ಮ ತಂದ ಸಂತ ಗ್ರೆಗರಿಯ ಬದುಕು ಒಂದೊಂದೇ ದೃಶ್ಯವಾಗಿ ಬರುತ್ತದೆ. ಹೊರಗಿನ ಶಾಸನ ಅರ್ಮೇನಿಯನ್, ಒಳಗಿನ ಚಿತ್ರಗಳ ಬರಹದಲ್ಲಿ ಜಾರ್ಜಿಯನ್. ಇಡೀ ಊರಿನ ಬದುಕು ಒಂದೇ ಕಟ್ಟಡದಲ್ಲಿ ಸಿಗುತ್ತದೆ.

ಇದು 1064 ಆಗಿ 151 ವರ್ಷದ ಮೇಲೆ. ಸತ್ತ ಊರಲ್ಲಿ ವ್ಯಾಪಾರಿ ಇಂಥ ಚರ್ಚು ಕಟ್ಟಿಸುತ್ತಾನಾ?

ಹಾಗಿದ್ದರೆ ಊರನ್ನು ಕೊಂದದ್ದು ಯಾರು?

ನಿಧಾನವಾಗಿ ಸೋರಿಹೋಯಿತು. 1230ರ ದಶಕದಲ್ಲಿ ಮಂಗೋಲರು ಊರು ಹಿಡಿದು ಜನರನ್ನು ಕೊಂದರು. ಆಮೇಲೆ ತೆರಿಗೆಯ ಮೇಲೆ ತೆರಿಗೆ. ಎಷ್ಟರ ಮಟ್ಟಿಗೆ ಅಂದರೆ, ಮನುಚಿಹ್ರ್ ಮಸೀದಿಯ ಗೋಡೆಯ ಮೇಲೆ ಮಂಗೋಲ್ ಮನೆತನದ ಅಬು ಸಯೀದ್‌ನ ಕಾಲದ ಪಾರಸಿ ಶಾಸನವೇ ಇದೆ. ಅಕ್ರಮ ತೆರಿಗೆ ಕೀಳಬೇಡಿ ಅಂತ. ಹೀಗೆ ಕಲ್ಲಿನಲ್ಲಿ ಕೆತ್ತಿಸುವ ಪರಿಸ್ಥಿತಿ ಬಂದಿತ್ತು ಅಂದರೆ ಎಷ್ಟು ಕಿತ್ತಿರಬೇಕು ಲೆಕ್ಕ ಹಾಕಿ.

1319ರ ಭೂಕಂಪ ಊರನ್ನು ಮುಗಿಸಿತು ಅನ್ನುವುದು ಹಳೆಯ ನಂಬಿಕೆ. ದೊಡ್ಡ ಚರ್ಚಿನ ಗುಮ್ಮಟ ಬಿದ್ದದ್ದು ಆಗಲೇ ಅಂತಾರೆ. ಆದರೆ ಭೂಕಂಪ ಗೋಡೆ ಬೀಳಿಸುತ್ತದೆ. ಜನ ಉಳಿಯಬೇಕು ಅನ್ನಿಸಿದರೆ ಮತ್ತೆ ಕಟ್ಟುತ್ತಾರೆ. ಅನಿಯವರಿಗೆ ಉಳಿಯುವ ಕಾರಣ ಹೋಗಿತ್ತು. ದಾರಿ ಬೇರೆ ಕಡೆ ತಿರುಗಿತ್ತು. ವ್ಯಾಪಾರಿಗಳು ಮೊದಲು ಹೋದರು, ಅವರ ಹಿಂದೆ ಕಸುಬಿನವರು. ಕ್ರಿಮಿಯಾಗೆ ಹೋದವರಿದ್ದಾರೆ, ಅಲ್ಲಿಂದ ಇನ್ನೂ ಮುಂದೆ ಪೋಲೆಂಡ್ ಕಡೆ ಹೋದವರಿದ್ದಾರೆ. ನಮ್ಮ ಹಿರಿಯರು ಅನಿಯವರು ಅಂತ ಅವರ ಮಕ್ಕಳು ಮೊಮ್ಮಕ್ಕಳು ಹೇಳಿಕೊಳ್ಳುತ್ತಾ ಬಂದರು. 16ನೇ ಶತಮಾನದಲ್ಲಿ ಒಟ್ಟೋಮನ್ನರ ಆಳ್ವಿಕೆಗೆ ಬರುವಾಗ ಅದು ಹಳ್ಳಿಯಷ್ಟೇ. ಕೊನೆಯ ಸನ್ಯಾಸಿಗಳು 18ನೇ ಶತಮಾನದಲ್ಲಿ ಹೊರಟರು.

ಅಗೆತ ಮಾಡಿದವರು ಯಾರು? ಸಿಕ್ಕಿದ ವಸ್ತುಗಳು ಈಗ ಎಲ್ಲಿವೆ?

1878ರಲ್ಲಿ ಕಾರ್ಸ್ ಸೀಮೆ ರಷ್ಯಾ ಸಾಮ್ರಾಜ್ಯಕ್ಕೆ ಹೋಯಿತು. ಪೀಟರ್ಸ್‌ಬರ್ಗ್‌ನಿಂದ ಬಂದ ನಿಕೊಲಾಯ್ ಮಾರ್ 1892ರಲ್ಲಿ ಮೊದಲ ಸಲ ಅಗೆದರು. ಆಮೇಲೆ 1904ರಿಂದ 1917ರವರೆಗೆ ಪ್ರತಿ ಬೇಸಿಗೆ ಎನ್ನುವ ಹಾಗೆ ಕೆಲಸ ನಡೆಯಿತು. ತೊರೊಸ್ ತೊರಮಾನ್ಯಾನ್ ಅನ್ನುವ ವಾಸ್ತುಶಿಲ್ಪಿ ಕಟ್ಟಡಗಳನ್ನು ಅಳೆದು ನಕ್ಷೆ ಮಾಡಿದರು. ಮನುಚಿಹ್ರ್ ಮಸೀದಿಯನ್ನೇ ಮ್ಯೂಸಿಯಂ ಮಾಡಿಕೊಂಡಿದ್ದರು.

1906ರಲ್ಲಿ ಸಿಕ್ಕ ಒಂದು ವಿಗ್ರಹದ ಕತೆ ಹೇಳಲೇಬೇಕು. ಒಂದನೇ ಗಾಗಿಕ್ ಕಟ್ಟಿಸಿದ ದುಂಡನೆಯ ಚರ್ಚು ಬಹಳ ಹಿಂದೆಯೇ ಬಿದ್ದುಹೋಗಿತ್ತು. ಅದರ ಅವಶೇಷದಲ್ಲಿ ಆಳೆತ್ತರಕ್ಕಿಂತ ದೊಡ್ಡ ಕಲ್ಲಿನ ಗಾಗಿಕ್ ಸಿಕ್ಕ. ತಲೆಗೆ ಮುಂಡಾಸು, ಮುಂದೆ ಚಾಚಿದ ಕೈಯಲ್ಲಿ ಆ ಚರ್ಚಿನದೇ ಪುಟ್ಟ ಮಾದರಿ. ಬಿದ್ದ ಚರ್ಚು ನಿಂತಾಗ ಹೇಗಿತ್ತು ಅಂತ ತಿಳಿಯಲು ಅದೇ ದೊಡ್ಡ ಸುಳಿವು. ಮೊದಲ ಮಹಾಯುದ್ಧದ ಗಲಾಟೆಯಲ್ಲಿ ಆ ವಿಗ್ರಹ ಕಾಣೆಯಾಯಿತು. ಫೋಟೋಗಳು ಉಳಿದಿವೆ. ಮುಂಡದ ಒಂದು ತುಂಡು ಎರ್ಜುರುಮ್ ಮ್ಯೂಸಿಯಂನಲ್ಲಿದೆ.

1918ರಲ್ಲಿ ಒಟ್ಟೋಮನ್ ಸೈನ್ಯ ಹತ್ತಿರ ಬಂದಾಗ ಅಶ್ಖರ್ಬೆಕ್ ಕಲಂತಾರ್ ಅನ್ನುವ ಪುರಾತತ್ವಜ್ಞ ಎತ್ತಿಕೊಂಡು ಹೋಗಬಹುದಾದ ಸುಮಾರು 6,000 ವಸ್ತುಗಳನ್ನು ಸಾಗಿಸಿ ಉಳಿಸಿದರು. ಅವು ಈಗ ಯೆರೆವಾನ್‌ನಲ್ಲಿವೆ. ಹೀಗಾಗಿ ಕಟ್ಟಡ ಒಂದು ದೇಶದಲ್ಲಿ, ಅದರೊಳಗಿನ ಸಾಮಾನು ಇನ್ನೊಂದು ದೇಶದಲ್ಲಿ.

ಅರ್ಧ ಸೀಳಿದ ಹಾಗೆ ನಿಂತಿರುವ ಚರ್ಚು ಯಾವುದು?

ರಕ್ಷಕನ ಚರ್ಚು. 1035ರ ಹೊತ್ತಿನದು. ಕಾನ್‌ಸ್ಟಾಂಟಿನೋಪಲ್‌ನಿಂದ ತಂದ ಏಸುವಿನ ಶಿಲುಬೆಯ ಚೂರನ್ನು ಇಡಲು ಕಟ್ಟಿಸಿದ್ದು. ಹೊರಗೆ 19 ಮುಖ, ಒಳಗೆ 8 ಅರ್ಧಗೋಳದ ಗೂಡುಗಳು. ಒಂಬೈನೂರು ವರ್ಷ ನಿಂತು, 1957ರ ಒಂದು ಬಿರುಗಾಳಿಯಲ್ಲಿ ಅರ್ಧ ಕುಸಿಯಿತು. ಚಾಕುವಿನಿಂದ ಕೊಯ್ದಂತೆ ಕಾಣುವುದು ಅದಕ್ಕೇ.

20ನೇ ಶತಮಾನದಲ್ಲಿ ಯಾರೂ ನೋಡಿಕೊಳ್ಳಲಿಲ್ಲವಾ?

ಬಹಳ ಕಾಲ ಇಲ್ಲ. 1921ರ ಒಪ್ಪಂದಗಳ ಪ್ರಕಾರ ಅನಿ ಟರ್ಕಿಗೆ ಉಳಿಯಿತು. ಅದೇ ವರ್ಷ ಅನಿಯ ಅವಶೇಷಗಳನ್ನು ನೆಲಸಮ ಮಾಡಬೇಕು ಅಂತ ಅಂಕಾರಾದಿಂದ ಸೇನಾಪತಿ ಕಾಜಿಮ್ ಕಾರಾಬೆಕಿರ್‌ಗೆ ಸೂಚನೆ ಬಂದಿತ್ತು. ತಾನು ಮಾಡಲಿಲ್ಲ ಅಂತ ಆತ ಬರೆದುಕೊಂಡಿದ್ದಾನೆ. ಆಮೇಲೆ ನದಿಯ ಆಚೆ ಸೋವಿಯತ್ ಒಕ್ಕೂಟ, ಈಚೆ ನೇಟೋ. ಅನಿ ಸೇನೆಯ ವಲಯವಾಯಿತು. ನೋಡಲು ಪರವಾನಗಿ ಬೇಕು, ಫೋಟೋ ತೆಗೆಯುವಂತಿಲ್ಲ. ಈ ನಿಯಮಗಳು 2004ರವರೆಗೆ ಎಳೆದವು. ಪರಿಚಯ ಫಲಕಗಳಲ್ಲಿ "ಅರ್ಮೇನಿಯನ್" ಅನ್ನುವ ಪದವೇ ಇಲ್ಲ ಅನ್ನುವ ದೂರು ಹಲವು ವರ್ಷ ಇತ್ತು.

1988ರ ಭೂಕಂಪದಲ್ಲಿ ದೊಡ್ಡ ಚರ್ಚಿನ ವಾಯವ್ಯ ಮೂಲೆ ಬಿತ್ತು. ನದಿಯ ಆಚೆ, ಅರ್ಮೇನಿಯಾ ಬದಿಯ ಕಲ್ಲುಕ್ವಾರಿಯಲ್ಲಿ ಸಿಡಿಸಿದ ಮದ್ದಿನಿಂದಲೂ ಕಟ್ಟಡಗಳು ಅಲ್ಲಾಡಿದವು. ದೂರುವಾಗ ಎರಡೂ ಕಡೆ ಬೆರಳು ತೋರಿಸಬೇಕಾಗುತ್ತದೆ.

2016ರ ಜುಲೈ 15ರಂದು ಅನಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸಭೆ ನಡೆಯುತ್ತಿದ್ದದ್ದು ಇಸ್ತಾಂಬುಲ್‌ನಲ್ಲಿ. ಅವತ್ತು ರಾತ್ರಿಯೇ ಟರ್ಕಿಯಲ್ಲಿ ಸೇನಾ ದಂಗೆಯ ಪ್ರಯತ್ನ ನಡೆದು ಸಭೆ ನಿಂತಿತು. ಅನಿಯ ಸುದ್ದಿ ಯಾರ ಕಿವಿಗೂ ಬೀಳಲಿಲ್ಲ. ಆ ಊರಿನ ಹಣೆಬರಹವೇ ಹಾಗೆ.

ಒಂದು ಚುಕ್ಕೆಯ ಜಗಳ ಅಂದರೆ ಏನು?

ಟರ್ಕಿಯ ಲಿಪಿಯಲ್ಲಿ ಚುಕ್ಕೆ ಇರುವ ಇಕಾರ ಬೇರೆ, ಚುಕ್ಕೆ ಇಲ್ಲದ್ದು ಬೇರೆ. ಊರಿನ ಹೆಸರನ್ನು (Ani) ಚುಕ್ಕೆ ತೆಗೆದು (Anı) ಬರೆದರೆ ಆ ಪದಕ್ಕೆ ಟರ್ಕಿಶ್‌ನಲ್ಲಿ "ನೆನಪು" ಅಂತ ಅರ್ಥ. ಕೆಲವು ಫಲಕಗಳಲ್ಲಿ ಹಾಗೆ ಬರೆದಿದ್ದರು. ಊರಿನ ಹೆಸರನ್ನೇ ಅಳಿಸುವ ಉಪಾಯ ಇದು ಅಂತ ಅರ್ಮೇನಿಯನ್ನರಿಗೆ ಸಿಟ್ಟು. ಅವರಲ್ಲಿ ಅನಿ ಹೆಣ್ಣುಮಕ್ಕಳಿಗೆ ಇಡುವ ಬಹಳ ಪ್ರೀತಿಯ ಹೆಸರು. ಸಿಟ್ಟು ಸಹಜ ಅಲ್ವಾ?

ಮದ್ರಾಸಿನ ಅರ್ಮೇನಿಯನ್ನರಿಗೂ ಅನಿಗೂ ಸಂಬಂಧ ಇದೆಯಾ?

ನೇರವಾಗಿ ಇಲ್ಲ. ಚೆನ್ನೈನ ಅರ್ಮೇನಿಯನ್ ಬೀದಿಯ ಚರ್ಚು ಕಟ್ಟಿದವರು ಬಹುಪಾಲು ಇರಾನಿನ ಜುಲ್ಫಾ ಕಡೆಯಿಂದ ಬಂದ ವ್ಯಾಪಾರಿಗಳ ಸಮುದಾಯದವರು. ಅನಿ ಖಾಲಿಯಾಗಿ ಎಷ್ಟೋ ಕಾಲದ ನಂತರದ ಮಾತು ಅದು. ಒಂದು ವಿಷಯ ಮಾತ್ರ ಹೇಳಬಹುದು. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ "ಅಜ್ದಾರಾರ್" 1794ರಲ್ಲಿ ಅಚ್ಚಾದದ್ದು ಮದ್ರಾಸಿನಲ್ಲಿ.

ಯೆರೆವಾನ್‌ನಿಂದ ಒಂದು ದಿನದಲ್ಲಿ ಅನಿ ನೋಡಿ ಬರಬಹುದಾ?

ಯೆರೆವಾನ್‌ನಲ್ಲಿ ವೈದ್ಯಕೀಯ ಓದುವ ನಮ್ಮ ದೇಶದ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ. ನಕ್ಷೆಯಲ್ಲಿ ಕೈಗೆಟುಕುವಂತೆ ಕಾಣುತ್ತದೆ. ಆದರೆ 1993ರಲ್ಲಿ ಗಡಿ ಮುಚ್ಚಿದ ಮೇಲೆ ಜನರು ಓಡಾಡುವ ಮಾಮೂಲಿ ದಾರಿ ಇಲ್ಲ. ಸುತ್ತು ಹಾಕಿ ಜಾರ್ಜಿಯಾ ಮೂಲಕ ಟರ್ಕಿಗೆ ಹೋಗಿ, ಕಾರ್ಸ್ ತಲುಪಿ, ಅಲ್ಲಿಂದ ಅನಿಗೆ ಹೋಗಬೇಕು. ಜಾರ್ಜಿಯಾ, ಟರ್ಕಿ ಎರಡರ ವೀಸಾ ನಿಯಮವನ್ನೂ ಹೊರಡುವ ಮುಂಚೆ ನೋಡಿಕೊಳ್ಳಿ. ಚಳಿಗಾಲದಲ್ಲಿ ಕಾರ್ಸ್ ಸೀಮೆ ಪೂರ್ತಿ ಹಿಮ. ಮೇ, ಜೂನ್‌ನಲ್ಲಿ ಬಯಲು ಹಸಿರಾಗಿರುತ್ತದೆ. ಅನಿಯಲ್ಲಿ ನೆರಳು ಕಡಿಮೆ, ನಡೆಯುವುದು ಜಾಸ್ತಿ. ಟೋಪಿ, ನೀರು, ಗಟ್ಟಿ ಶೂ ಇರಲಿ. ಅರ್ಧ ದಿನವಾದರೂ ಬೇಕು.

ಟರ್ಕಿಗೆ ಹೋಗಲು ಆಗದವರಿಗೆ ಅರ್ಮೇನಿಯಾ ಬದಿಯಲ್ಲಿ ಖಾರ್ಕೊವ್ ಅನ್ನುವ ಹಳ್ಳಿ ಇದೆ. ಅಲ್ಲಿನ ದಿಬ್ಬದಿಂದ ಕಮರಿಯ ಆಚೆ ಇಡೀ ಊರು ಕಾಣುತ್ತದೆ. ದೊಡ್ಡ ಚರ್ಚು, ಮಿನಾರು, ಒಳಕೋಟೆ. ಗಡಿ ವಲಯ ಆದ್ದರಿಂದ ಹೋಗುವ ಮುಂಚೆ ಅನುಮತಿ ಬೇಕಾ ಅಂತ ವಿಚಾರಿಸಿ. ಆ ಹಳೆಯ ಸೇತುವೆಯ ಕಮಾನು ಈಗಿಲ್ಲ. ಅದು ಕೂತಿದ್ದ ಎರಡು ಕಲ್ಲಿನ ಕಾಲುಗಳು ಮಾತ್ರ ನದಿಯ ಎರಡು ದಡದಲ್ಲಿ ಉಳಿದಿವೆ. ಒಂದು ಅರ್ಮೇನಿಯಾದಲ್ಲಿ, ಇನ್ನೊಂದು ಟರ್ಕಿಯಲ್ಲಿ.